ಅವ್ವನ ಹೊಂಡ

ನಮ್ಮ ಅವ್ವ ಲಕ್ಕುಂಡಿಯವಳು. ಗದಗಿನ ಹತ್ತಿರದ ಆ ಊರು ನೂರೊಂದು ಗುಡಿ, ನೂರೊಂದು ಬಾವಿ ಎಂದು ಹೆಸರಾದುದು. ಮಾಣಿಕೇಶ್ವರ ಗುಡಿಯ ಮಗ್ಗುಲಿನ ಮುಸುಕಿನ ಬಾವಿಯ ಮೆಟ್ಟಿಲುಗಳ ಮೇಲೆ ಆಡಿ ಬೆಳೆದವಳು. ಅಪ್ಪ ತೀರಿಕೊಂಡ ಮೇಲೆ, 2021ರಲ್ಲಿ, ಅವಳನ್ನು ನಾಗಪುರಕ್ಕೆ ಕರೆತಂದೆನು. ಬಂದ ತಿಂಗಳಲ್ಲೇ ಅವಳ ದೂರು ಕೇಳಿತು: “ಇಲ್ಲಿ ನೀರು ಕಣ್ಣಿಗೇ ಬೀಳಂಗಿಲ್ಲಲ್ಲೋ ತಮ್ಮಾ. ನಳದಾಗ ಬರತೈತಿ, ಬಕೀಟಿನಾಗ ಹೋಗತೈತಿ.”

ಈ ಮಾತು ಪೂರ್ತಿ ನ್ಯಾಯವಾದುದಲ್ಲ. ಈ ಊರಿಗೆ ಹೆಸರು ಬಂದದ್ದೇ ನಾಗ ನದಿಯಿಂದ. ಅಂಬಾಝರಿಯಿದೆ, ಭೋಸಲೆಯವರ ಕಾಲದ ಫುಟಾಳಾ ಇದೆ, ಹಳೆಯ ಪೇಟೆಯ ಕಡೆಗೆ ಗಾಂಧೀಸಾಗರವಿದೆ. ಅಂಬಾಝರಿಯ ಸಮೀಪದ ಇಂಜಿನಿಯರಿಂಗ್ ಕಾಲೇಜಿಗೆ 1962ರಿಂದಲೂ ನಮ್ಮ ವಿಶ್ವೇಶ್ವರಯ್ಯನವರ ಹೆಸರಿದೆ; ಅದರ ಮುಂದೆ ಹಾಯುವಾಗ ನನ್ನ ಎದೆ ಎರಡಂಗುಲ ಉಬ್ಬುವುದನ್ನು ಮುಚ್ಚಿಡಲಾರೆ. ಒಂದು ಭಾನುವಾರ ಅವ್ವನನ್ನು ಫುಟಾಳಾದ ದಂಡೆಗೆ ಕರೆದೊಯ್ದೆನು. ಜನಜಂಗುಳಿಯನ್ನೂ ಸುಟ್ಟ ತೆನೆ ಮಾರುವವರನ್ನೂ ನೋಡಿ, “ಚಲೋ ಐತಿ. ಆದರ ಇದು ಸರಕಾರದ ನೀರು, ಮನೀ ನೀರಲ್ಲ” ಎಂದು ಎದ್ದುಬಿಟ್ಟಳು.

ಮನೆಯ ನೀರನ್ನು ಮಾಡಿಯೇ ತೋರಿಸೋಣವೆಂದು ನಾನು ಹೊರಟೆನು. ಆ ದೀಪಾವಳಿ ಕಳೆದ ಮೇಲೆ ಗೌಂಡಿಯನ್ನು ಕರೆಸಿ, ಹಿತ್ತಲಲ್ಲಿ 5 ಅಡಿ ಉದ್ದ, 3 ಅಡಿ ಅಗಲದ ಗುಂಡಿ ತೋಡಿಸಿ, ಇಟ್ಟಿಗೆ ಕಟ್ಟಿಸಿ, ಸಿಮೆಂಟು ಬಳಿಸಿದ್ದಾಯಿತು. ಅವ್ವ ಗುಂಡಿಯೊಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ನೋಡಿ, “ಎರಿ ಮಣ್ಣಾಗ ಮನೀ ಕಟ್ಟಾಕ ಹತ್ತು ಸಲ ವಿಚಾರ ಮಾಡ್ತಾರ. ನೀ ಹೊಂಡ ಕಟ್ಟಾಕ ಹತ್ತಿ” ಎಂದಳು. ಬಿ. ಎ. ಪಾಸಾದವನಿಗೆ ಇಂಥ ಮಾತು ಕಿವಿಗೆ ಬೀಳುವುದಿಲ್ಲ.

ಗದಗಿನ ಎರೆಹೊಲವೂ ನಾಗಪುರದ ಕರಿಮಣ್ಣೂ ಒಂದೇ ಗುಣದವು. ಎರಡೂ ಬೇಸಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತವೆ, ಮಳೆಗೆ ಹಿಗ್ಗುತ್ತವೆ. ಅದರ ಮೇಲೆ ಕುಳಿತ ತೆಳು ಸಿಮೆಂಟು ಅದರೊಡನೆ ಕುಣಿಯಲಾರದೆ ಒಡೆಯುತ್ತದೆ. ಏಪ್ರಿಲಿನ ಒಂದು ಮುಂಜಾನೆ ನೋಡಿದರೆ ನೀರು ಅರ್ಧಕ್ಕಿಳಿದಿತ್ತು. ಬಿಸಿಲಿನ ಕೆಲಸವೆಂದುಕೊಂಡು ತುಂಬಿಸಿದೆನು. ಮರುದಿನವೂ ಅಷ್ಟೇ. ತಳದಲ್ಲಿ ಮೂಲೆಯಿಂದ ಮೂಲೆಗೆ ಕೂದಲೆಳೆಯಂಥ ಬಿರುಕು ಹಾದುಹೋಗಿತ್ತು. ಮೇ ಮುಗಿಯುವಷ್ಟರಲ್ಲಿ ಅದರೊಳಗೆ ಬೆರಳು ತೂರುತ್ತಿತ್ತು. ಮೀನುಗಳನ್ನು ಯಾರಿಗೋ ಕೊಟ್ಟು ಹೊಂಡವನ್ನು ಬರಿದೇ ಬಿಟ್ಟೆವು.

ತಪ್ಪಾದದ್ದು ಇಲ್ಲಿ. ಜೂನಿನ ಮಳೆಗೆ ಮಣ್ಣು ಹಿಗ್ಗಿ, ಬಿರುಕು ತಾನಾಗಿಯೇ ಮುಚ್ಚಿಕೊಂಡು, ತಳದಲ್ಲಿ ನಾಲ್ಕು ಬೆರಳು ನೀರು ನಿಂತಿತು. ‘ದೀಪಾವಳಿಗೆ ನೋಡೋಣ’ ಎಂದು ನಾನು ಸುಮ್ಮನಾದೆನು. ಕಚೇರಿಯ ಕಡತ ಮೂರು ತಿಂಗಳು ಮಲಗಿದ್ದರೂ ಅದರೊಳಗೆ ಏನೂ ಹುಟ್ಟುವುದಿಲ್ಲ, ನೀರು ಹಾಗಲ್ಲ. ಡೆಂಗೀ ಹರಡುವ ಈಡಿಸ್ ಸೊಳ್ಳೆಗೆ ಇಂಥ ನಿಂತ ನೀರೇ ಬೇಕು. ತತ್ತಿ ಒಡೆದು ರೆಕ್ಕೆ ಮೂಡಿ ಹಾರಲು ಅದಕ್ಕೆ ಎಂಟು-ಹತ್ತು ದಿನ ಸಾಕು.

ಆಗಸ್ಟಿನಲ್ಲಿ ಪಕ್ಕದ ಮನೆಯ ಮರಾಠಿ ವಹಿನಿಯ ಮಗನಿಗೆ ಡೆಂಗೀ ಬಂದಿತು. ಏಳು ವರ್ಷದ ಹುಡುಗ. ಐದು ದಿನ ಆಸ್ಪತ್ರೆಯಲ್ಲಿದ್ದ. ಪಾಲಿಕೆಯವರು ಬಂದು ನಮ್ಮ ಹೊಂಡದೊಳಗೆ ಬ್ಯಾಟರಿ ಬಿಟ್ಟು ನೋಡಿದಾಗ, ನೀರಿನಲ್ಲಿ ಮರಿಹುಳುಗಳು ಕುಣಿಯುತ್ತಿದ್ದವು. ವಹಿನಿಯ ಮನೆಯ ಕೂಲರಿನಲ್ಲೂ ಇದ್ದವು, ಎದುರು ಮನೆಯ ಹಳೆಯ ಟೈರಿನಲ್ಲೂ ಇದ್ದವು. ಹುಡುಗನನ್ನು ಕಚ್ಚಿದ ಸೊಳ್ಳೆ ಯಾರ ಮನೆಯದೆಂದು ಹೇಳುವುದು ಹೇಗೆ? ನಮ್ಮದಲ್ಲವೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ವಹಿನಿ ಏನೂ ಅನ್ನಲಿಲ್ಲ. ದೀಪಾವಳಿಗೆ ತಪ್ಪದೆ ಬರುತ್ತಿದ್ದ ಕರಂಜಿಯ ತಟ್ಟೆ ಮಾತ್ರ ಆ ವರ್ಷ ಬರಲಿಲ್ಲ.

ಅವ್ವನೇ ಸುತ್ತಿಗೆ ತಂದು ಕೈಗಿತ್ತಳು. “ಒಡಿ” ಎಂದಳು. ಒಡೆದೆನು.

ಎರಡನೆಯ ಸಲ ಅವಳು ಕೇಳಲಿಲ್ಲ, ನನಗೇ ಸಮಾಧಾನವಿರಲಿಲ್ಲ. ಆ ಚಳಿಗಾಲದಲ್ಲಿ ಕಾಟೋಲ ಕಡೆಯ ಹಳ್ಳಿಯೊಂದರಲ್ಲಿ, ಎಮ್ಮೆಗಳನ್ನು ಮಾರಿದ್ದ ರೈತರೊಬ್ಬರ ಅಂಗಳದಲ್ಲಿ ಕರಿಗಲ್ಲಿನ ಡೋಣಿಯೊಂದು ಬಿದ್ದಿತ್ತು. ಒಂದೇ ಕಲ್ಲಿನಲ್ಲಿ ಕೊರೆದುದು. ಸುಮಾರು 180 ಲೀಟರು ನೀರು ಹಿಡಿಯುತ್ತದೆ. ಆರು ಜನ ಸೇರಿ ಇಳಿಸಿದೆವು. ಈ ಸಲ ಒಂದೂವರೆ ಅಡಿ ಕರಿಮಣ್ಣು ತೆಗೆಸಿ, ಗರಸು ಹಾಕಿ, ಪದರ ಪದರವಾಗಿ ದಿಮ್ಮಸು ಹೊಡೆಸಿ ಅದರ ಮೇಲೆ ಕೂಡಿಸಿದೆನು. ಕೆಳಗಿನ ಮಣ್ಣು ಅಲುಗಿದರೆ ಡೋಣಿ ಒಂದಿಷ್ಟು ವಾಲೀತು. ಸಿಮೆಂಟಿನಂತೆ ಸೀಳುವ ಭಯವಿಲ್ಲ. ಅಂಚು ನೆಲದಿಂದ ಒಂದೂವರೆ ಅಡಿ ಎತ್ತರವಿದೆ. ಅಂಬೆಗಾಲಿನ ಕೂಸುಗಳು ಮನೆಗೆ ಬಂದ ದಿನ ಮೇಲೊಂದು ಕಬ್ಬಿಣದ ಜಾಳಿಗೆ ಮುಚ್ಚುತ್ತೇವೆ. ಅಷ್ಟೇ ನೀರೂ ಕೂಸಿಗೆ ಅಪಾಯವೇ.

ತಮಾಷೆ ನೋಡಿ: ತೆಗೆದುಹಾಕಿದ ಆ ಎರೆಮಣ್ಣೇ ನೈದಿಲೆಗೆ ಬೇಕಾದದ್ದು. ಜಿಗುಟು ಮಣ್ಣನ್ನು ಅಗಲ ಬಾಯಿಯ ಕುಂಡದಲ್ಲಿ ತುಂಬಿ, ಗಡ್ಡೆ ನೆಟ್ಟು, ಮೇಲೆ ಸಣ್ಣ ಹರಳು ಹರಡಿ ಮುಳುಗಿಸಿದರಾಯಿತು. ಸಗಣಿ ಗೊಬ್ಬರ ಬೇಡ, ನೀರು ಹಸಿರುಗಟ್ಟುತ್ತದೆ. ದಿನಕ್ಕೆ ಐದಾರು ಗಂಟೆಯಾದರೂ ಬಿಸಿಲು ಬೀಳಬೇಕು, ಇಲ್ಲದಿದ್ದರೆ ಬರಿಯ ಎಲೆ. ಮಗನಿಗೆ ಬೃಂದಾವನದಂಥ ಕಾರಂಜಿ ಬೇಕಾಗಿತ್ತು. ಕೂಲರಿನ ಪಂಪೊಂದನ್ನು ಇಳಿಸಿ ಸಂಜೆ ಒಂದು ತಾಸು ಹಾರಿಸುತ್ತೇವೆ. ಎಲೆಯ ಮೇಲೆ ಸದಾ ನೀರು ಬೀಳುವುದನ್ನು ನೈದಿಲೆ ಸಹಿಸದು.

ಸೊಳ್ಳೆಗೆ ಗಪ್ಪಿ ಮೀನು. ಮರಿಹುಳುಗಳನ್ನು ತಿನ್ನುತ್ತದೆ, ತತ್ತಿಯಿಡದೆ ಮರಿಯನ್ನೇ ಹೆರುತ್ತದೆ. ಹತ್ತು ತಂದರೆ ವರ್ಷದೊಳಗೆ ಎಣಿಸಲಾಗದು. ಆದರೆ ಇದು ದಕ್ಷಿಣ ಅಮೆರಿಕದ ಮೀನು. ಹೆಚ್ಚಾದವೆಂದು ನಾಲೆಗೆ ಬಿಟ್ಟರೆ ನಮ್ಮ ಮೀನುಗಳ ಮರಿಗಳಿಗೆ ಕುತ್ತು. 2023ರ ಸೆಪ್ಟೆಂಬರ್ 23ರ ನಸುಕಿನಲ್ಲಿ ಅಂಬಾಝರಿ ತುಂಬಿ ಹರಿದು ನಾಗ ನದಿಯ ನೀರು ಮನೆಗಳಿಗೆ ನುಗ್ಗಿದಾಗ, ನೆಲದ ಮಟ್ಟದ ಹೊಂಡಗಳೊಳಗಿನ ಮೀನು ಎಲ್ಲೆಲ್ಲಿ ಸೇರಿದವೋ! ನಮ್ಮ ಓಣಿಗೆ ನೀರು ಏರಲಿಲ್ಲ. ಕೂಲರಿನಲ್ಲಿ ಮೀನು ಬದುಕದು. ಅದನ್ನು ವಾರಕ್ಕೊಮ್ಮೆ ಬರಿದು ಮಾಡಿ, ಒಳಗೋಡೆಗಳನ್ನು ಬ್ರಷ್ಷಿನಿಂದ ತಿಕ್ಕಬೇಕು. ಬರಿದು ಮಾಡಿದರಷ್ಟೇ ಸಾಲದು. ಈಡಿಸಿನ ತತ್ತಿ ಒಣಗಿದ ಗೋಡೆಗೂ ಅಂಟಿಕೊಂಡು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಶನಿವಾರದ ಈ ಕೆಲಸ ನನ್ನದು. ಅದರಲ್ಲಿ ‘ನೋಡೋಣ’ ಎಂಬುದಿಲ್ಲ.

ಮೇ ತಿಂಗಳಲ್ಲಿ ಡೋಣಿಯ ನೀರು ದಿನಕ್ಕೆ ಅರ್ಧ ಕೊಡದಷ್ಟು ಆರಿಹೋಗುತ್ತದೆ. 2019ರ ಜುಲೈಯಲ್ಲಿ ಪೆಂಚ್ ಜಲಾಶಯ ತಳ ಕಂಡು, ಊರಿಗೆ ದಿನ ಬಿಟ್ಟು ದಿನ ನೀರು ಬಂದುದನ್ನು ನೆನೆದರೆ ಅರ್ಧ ಕೊಡವೂ ಹಗುರವಲ್ಲ. ನಳದ ನೀರನ್ನು ಒಂದು ರಾತ್ರಿ ಬಕೀಟಿನಲ್ಲಿ ತೆರೆದಿಟ್ಟು ಸುರಿಯುತ್ತೇವೆ. ಬಿಸಿಲು ತಡೆಯಲು ಮೇಲೆ ಹಸಿರು ಬಲೆ ಕಟ್ಟಿದೆನು. ಅದನ್ನು ಕಂಡು ಅವ್ವ ನಕ್ಕು, “ಈಗ ನೋಡು, ಮುಸುಕಿನ ಬಾವಿ ಆತು” ಎಂದಳು. ಮುಂಜಾನೆಯ ಚಹಾ ಈಗ ಅವಳಿಗೆ ಅಲ್ಲಿಯೇ ಆಗಬೇಕು.

ಕಳೆದ ಮಳೆಗಾಲದ ಮೊದಲ ವಾರ ವಹಿನಿ ಗೋಡೆಯ ಆಚೆಯಿಂದ ಕರೆದು, ತಮ್ಮ ಹೌದಿಗೆ ಹತ್ತು ಮೀನು ಕೊಡುವಿರಾ ಎಂದು ಕೇಳಿದರು. ಹುಡುಗನೇ ಬಂದ, ಚಹಾ ಸೋಸುವ ಜರಡಿಯಿಂದ ತಾನೇ ಹಿಡಿದು, ಹತ್ತೆಂದು ಎಣಿಸಿ, ಹದಿನಾಲ್ಕನ್ನು ಶೀಸೆಯಲ್ಲಿ ತುಂಬಿಕೊಂಡು ಹೋದ.