ತುಪ್ಪ ಬೆಣ್ಣೆಯಾಗುವ ಬೆಟ್ಟ

ನಮ್ಮ ತಂದೆಯ ಕಡೆಯವರ ಹಾಜರಿ ಕೂಗಿದರೆ ಗಂಗಯ್ಯ, ಗಂಗಮ್ಮ, ಹೊನ್ನಮ್ಮ, ಹೊನ್ನಗಂಗಯ್ಯ, ಇಷ್ಟರಲ್ಲೇ ಮುಗಿಯುತ್ತದೆ. ಶಿವಗಂಗೆ ಬೆಟ್ಟದ ಗಂಗಾಧರೇಶ್ವರ, ಹೊನ್ನಾದೇವಿ ನಮ್ಮ ಮನೆದೇವರು. ಒಂದೇ ಹೆಸರಿನವರು ಮೂರು ಮೂರು ಜನ ಇರುವುದರಿಂದ ಮೇಗಲಮನೆ ಗಂಗಮ್ಮ, ಹುಣಸೆಮರದ ಗಂಗಮ್ಮ ಎಂದು ಗುರುತು ಹಚ್ಚಬೇಕು.

ವರ್ಷಕ್ಕೊಮ್ಮೆ ಅಜ್ಜಿ ಪುಟ್ಟ ಗಿಂಡಿಯಲ್ಲಿ ತುಪ್ಪ ಹಿಡಿದು, ನನ್ನನ್ನೂ ಎಳೆದುಕೊಂಡು ಬೆಟ್ಟಕ್ಕೆಂದು ದಾಬಸ್‌ಪೇಟೆಯಲ್ಲಿ ಬಸ್ಸು ಇಳಿಯುತ್ತಿದ್ದಳು. ಗಂಗಾಧರೇಶ್ವರನ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗಿ ಕೈಗೆ ಬರುತ್ತದೆ ಎನ್ನುತ್ತಿದ್ದಳು. ಹೇಗೆ ಎಂದು ಕೇಳಿದರೆ ತಲೆಗೊಂದು ಮೊಟಕು. ಒಳಕಲ್ಲು ತೀರ್ಥದಲ್ಲಿ ಎಷ್ಟು ಚಾಚಿದರೂ ನನ್ನ ಕೈಗೆ ನೀರು ಸಿಗಲಿಲ್ಲ; ಪುಣ್ಯ ಸಾಲದು ಎಂದಳು. ಮೋಟು ಕೈ ಎನ್ನಲಿಲ್ಲ, ಅಷ್ಟೇ. ಬೆಟ್ಟದ ನೆತ್ತಿಯ ಮೇಲೆ ಬಗ್ಗಿ ತೋರಿಸುತ್ತಿದ್ದಳು: “ಶಾಂತಲೆ ಹಾರ್ಕೊಂಡಿದ್ದು ಇಲ್ಲಿಂದ್ಲೇ.” ನಿನ್ನೆ ಸಂಜೆ ಕಂಡು ಬಂದವಳ ಹಾಗೆ.

ಹೈಸ್ಕೂಲಿನಲ್ಲಿ ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಓದಿ ಅತ್ತೆ. ಆಮೇಲೆ ಕಾದಂಬರಿ ಹಿಡಿದ ನೆನಪು ಕಡಿಮೆ. ಕೆಡಿಸಿದವರು ಬಿ.ಜಿ.ಎಲ್. ಸ್ವಾಮಿ. ಸಸ್ಯವಿಜ್ಞಾನಿಯೊಬ್ಬರು ‘ಶಾಸನಗಳಲ್ಲಿ ಗಿಡಮರಗಳು’ ಎಂದು ಪುಸ್ತಕ ಬರೆಯುವುದಾದರೆ, ಶಾಸನಗಳಲ್ಲಿ ನಮ್ಮ ಬೆಟ್ಟವನ್ನು ನಾನೇಕೆ ಹುಡುಕಬಾರದು? ಆ ಹುಚ್ಚಿನಲ್ಲೇ ‘ಎಪಿಗ್ರಾಫಿಯ ಕರ್ನಾಟಿಕ’ದ ದಪ್ಪ ಶಾಸನ ಸಂಪುಟಗಳ ಧೂಳು ಕುಡಿದೆ.

ಸಿಕ್ಕಿದ್ದು ನಮ್ಮ ಬೆಟ್ಟವಿರುವ ನೆಲಮಂಗಲದ ಶಾಸನಗಳಲ್ಲಲ್ಲ, ಶ್ರವಣಬೆಳಗೊಳದಲ್ಲಿ. ಹೊಯ್ಸಳ ದೊರೆ ವಿಷ್ಣುವರ್ಧನನ ರಾಣಿ ಶಾಂತಲೆ 1123ರ ಸುಮಾರಿಗೆ ಅಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಅಪ್ಪ ಮಾರಸಿಂಗಯ್ಯ ಶೈವ, ಅಮ್ಮ ಮಾಚಿಕಬ್ಬೆ ಜೈನಳು. ಶಾಂತಲೆ 1131ರಲ್ಲಿ ಶಿವಗಂಗೆಯ ತೀರ್ಥದಲ್ಲಿ ಸ್ವರ್ಗಸ್ಥಳಾದಳೆಂದು ಬೆಳಗೊಳದ ಶಾಸನ ಹೇಳುತ್ತದೆ. ಹೇಗೆ ಎಂದು ಹೇಳುವುದಿಲ್ಲ. ಬಂಡೆಯಿಲ್ಲ, ಹಾರಿದ್ದೂ ಇಲ್ಲ. ಅದೇ ಶಾಸನಕ್ಕೆ ತಾಯಿಯ ಸಾವು ಎಷ್ಟು ವಿವರವಾಗಿ ಗೊತ್ತು! ಮಗಳು ಹೋದ ಮೇಲೆ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಕಣ್ಣು ಅರೆಮುಚ್ಚಿ, ಒಂದು ತಿಂಗಳು ಉಪವಾಸವಿದ್ದು ದೇಹ ಬಿಟ್ಟಳಂತೆ. ಅಯ್ಯರ್ ಅಳಿಸಿದ್ದಕ್ಕಿಂತ ಹೆಚ್ಚಾಗಿ ಈ ತಾಯಿ ನನ್ನನ್ನು ಕಾಡಿದಳು. ಅಜ್ಜಿಯ ಕಥೆಯಲ್ಲಿ ಅವಳ ಸುಳಿವೇ ಇರಲಿಲ್ಲ. ಗಟ್ಟಿ ತುಪ್ಪದಂಥ ಕಥೆ ಬೆಣ್ಣೆಯಾಗಿ ಕೈಗೆ ಬಂದಿತ್ತು. ಇನ್ನೂ ಹಸಿ, ಇನ್ನೂ ಮಜ್ಜಿಗೆಯ ವಾಸನೆ.

ಜೆರಾಕ್ಸ್ ಹಿಡಿದು ಊರಿಗೆ ಓಡಿದೆ. “ಅಜ್ಜಿ, ಹಾರಿದಳು ಅಂತ ಕಲ್ಲಲ್ಲಿ ಬರೆದಿಲ್ಲ.”

ಅವಳು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. “ಕಲ್ಲು ಕೆತ್ತಿದೋನು ಆವತ್ತು ಬೆಟ್ಟ ಹತ್ತಿದ್ನೇನ್ಲಾ?”

ತಾಯಿಯ ವಿಷಯ ಹೇಳಿದೆ. ಸುಲಿಯುವ ಕೈ ನಿಂತಿತು. “ಒಂದು ತಿಂಗಳಾ?” ಎಂದಳು. ಕಾಯಿ ಪಕ್ಕಕ್ಕೆ ಸರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಓದಲು ಬಾರದ ಆ ಹಾಳೆಯನ್ನು ಇಸಿದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಮಡಚಿ ದೇವರ ಗೂಡಿನಲ್ಲಿಟ್ಟಳು. ನಾನು ಇನ್ನೊಂದು ಪ್ರತಿ ಮಾಡಿಸಿಕೊಳ್ಳಬೇಕಾಯಿತು.