ನೀರು ಬೇಡಿದ ಗಣಕಯಂತ್ರ

ಕೊಪ್ಪಳವು ರಾಯಚೂರಿನಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾದದ್ದು 1997ರಲ್ಲಿ. ಜಿಲ್ಲೆಯ ಹಿಂದೆ ಹೊಸ ಕಚೇರಿಗಳು ಬಂದವು, ಕಚೇರಿಗಳ ಹಿಂದೆ ಗಣಕಯಂತ್ರಗಳು ಬಂದವು, ಅವುಗಳ ಹಿಂದೆ ‘ಇಲ್ಲಿ ಕಂಪ್ಯೂಟರ್ ಕಲಿಸಲಾಗುವುದು’ ಎಂಬ ಫಲಕಗಳು ಬಂದವು. ಅಲ್ಲಿಯವರೆಗೆ ಯಲಬುರ್ಗಾದ ನಾವು ಆ ಯಂತ್ರವನ್ನು ಕಂಡಿದ್ದರೆ ದೂರದ ಊರಿನ ಬ್ಯಾಂಕಿನ ಗಾಜಿನಾಚೆ, ಇಲ್ಲವೇ ರೈಲು ನಿಲ್ದಾಣದ ಟಿಕೆಟ್ ಕಿಂಡಿಯಾಚೆ. ಅದು ಮನೆಯೊಳಗೆ ಬರತಕ್ಕ ವಸ್ತುವೆಂದು ನಮಗೆ ತಿಳಿಸಿದವರು ನಮ್ಮ ಮಕ್ಕಳು. ಮಗ ಪಿಯುಸಿ ಎರಡನೆಯ ವರ್ಷದಲ್ಲಿದ್ದ, ಮಗಳು ಬಿ.ಎ. ಓದುತ್ತಿದ್ದಳು. ಮಗನಿಗೆ ಅದು ಬೇಕೇ ಬೇಕು. ಮಗಳು ಬೇಕೆನ್ನಲಿಲ್ಲ, ಆದರೆ ಅಣ್ಣ ಬೇಕೆಂದಾಗಲೆಲ್ಲ ಒಲೆಯ ಮುಂದಿನಿಂದ ತಲೆಯೆತ್ತಿ ನಮ್ಮ ಮುಖ ನೋಡುತ್ತಿದ್ದಳು.

ಹಣವೇನೋ ಇತ್ತು. ಆದರೆ ಅದು ಹೊಲದಲ್ಲಿ ಕೊಳವೆ ಬಾವಿ ತೋಡಿಸಲೆಂದು ಶೇಂಗಾ ಮಾರಿ ಕೂಡಿಟ್ಟ ಹಣ. ನಮ್ಮ ತಾಲ್ಲೂಕಿನ ಮಳೆಯನ್ನು ಬಲ್ಲವರಿಗೆ ಇದರ ತೂಕ ಬಿಡಿಸಿ ಹೇಳಬೇಕಿಲ್ಲ. ನೀರು ಸಿಕ್ಕೀತೆಂಬ ಭರವಸೆ ಕೊಳವೆ ಬಾವಿಗೂ ಇರಲಿಲ್ಲವಾದ್ದರಿಂದ ಎರಡರಲ್ಲಿ ಯಾವುದು ಹೆಚ್ಚಿನ ಜೂಜು ಎಂಬುದನ್ನು ಮನೆಯವರೆಲ್ಲ ಕುಳಿತು ಒಂದು ತಿಂಗಳು ಚರ್ಚಿಸಿದೆವು. ಕೊನೆಗೆ 1999ರ ದೀಪಾವಳಿಯ ಹೊತ್ತಿಗೆ ಗಣಕಯಂತ್ರವೇ ಗೆದ್ದಿತು.

ತೀರ್ಮಾನವಾದೊಡನೆ ಸಲಹೆಗಳು ನಾಲ್ಕೂ ತಾಲ್ಲೂಕುಗಳಿಂದ ಹರಿದುಬಂದವು. ಗಂಗಾವತಿಯ ನಮ್ಮ ಬೀಗರು ಭತ್ತದ ವ್ಯಾಪಾರಿಗಳು. ಅವರ ಅಂಗಡಿಯಲ್ಲಿ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಆಗಲೇ ಬಂದು ಕುಳಿತಿತ್ತು. “ಕಂಪನಿಯ ಹೆಸರಿಗೆ ದುಡ್ಡು ಸುರಿಯಬೇಡಿ, ಬಿಡಿಭಾಗ ತಂದು ಜೋಡಿಸಿದ್ದನ್ನು ಕೊಳ್ಳಿರಿ” ಎಂದರು. ಕೊಪ್ಪಳದ ಸೋದರಳಿಯ ಆರು ತಿಂಗಳ ತರಬೇತಿ ಮುಗಿಸಿದ್ದವನು. ಆ ವರ್ಷವೇ ಬಂದಿದ್ದ ಪೆಂಟಿಯಂ ಮೂರಕ್ಕಿಂತ ಕೆಳಗಿನದನ್ನು ಕೊಂಡರೆ ಮನೆಗೆ ಬರುವುದಿಲ್ಲವೆಂದ. ಕುಷ್ಟಗಿಯ ಷಡ್ಡಕರು ಶಾಲಾ ಶಿಕ್ಷಕರು, ಪತ್ರಿಕೆಯನ್ನು ಕೊನೆಯ ಸಾಲಿನವರೆಗೆ ಓದುವವರು. ಅವರು ಮಾತ್ರ, “ಜನವರಿ ಒಂದು ಕಳೆಯಲಿ, ಆಮೇಲೆ ನೋಡೋಣ” ಎಂದು ತಡೆದರು.

ಅದು ‘ವೈಟೂಕೆ’ಯ ಕಾಲ. ಹಳೆಯ ಗಣಕಯಂತ್ರಗಳಲ್ಲಿ ಜಾಗ ಉಳಿಸಲೆಂದು ಇಸವಿಯ ಕೊನೆಯ ಎರಡು ಅಂಕಿಗಳನ್ನಷ್ಟೇ ಬರೆಯುವ ರೂಢಿಯಿತ್ತು. 99 ಮುಗಿದು 00 ಬಂದಾಗ ಯಂತ್ರವು ಅದನ್ನು 2000 ಎಂದು ತಿಳಿಯದೆ 1900 ಎಂದು ತಿಳಿದರೆ ಗತಿಯೇನು ಎಂದು ಜಗತ್ತೆಲ್ಲ ಹೆದರಿತ್ತು. ಷಡ್ಡಕರು ಇದನ್ನು ನಡುಮನೆಯಲ್ಲಿ ಕುಳಿತು ಬಹು ಗಂಭೀರವಾಗಿ ವಿವರಿಸಿದರು. ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ನಮ್ಮ ತಾಯಿಯವರು, ಅವರನ್ನು ಊರೆಲ್ಲ ಅವ್ವ ಎಂದೇ ಕರೆಯುತ್ತಿತ್ತು, ಕತ್ತೆತ್ತಿ ಕೇಳಿದರು: “ನೂರು ವರ್ಷಕ್ಕ ಇಷ್ಟು ಗಾಬರಿ ಅದೇನು? ನಮ್ಮ ಪಂಚಾಂಗದಾಗ ಅರವತ್ತಕ್ಕೇ ಹೆಸರು ತಿರುಗಿ ಬರ್ತಾವ. ನನ್ನ ಲಗ್ನ ಪ್ರಮಾಥಿ ಸಂವತ್ಸರದಾಗ ಆತು. ಈಗೂ ಪ್ರಮಾಥಿನ ನಡದದ. ಹಂಗಂತ ನಾ ಮದುಮಗಳಾದ್ನೇನು?”

ಷಡ್ಡಕರು ಮುಂದೆ ಮಾತಾಡಲಿಲ್ಲ. ವೈಟೂಕೆಯ ತೊಡಕನ್ನು ಇದಕ್ಕಿಂತ ಸ್ವಚ್ಛವಾಗಿ ವಿವರಿಸಿದ ಲೇಖನವನ್ನು ನಾವು ಆಮೇಲೂ ಓದಿಲ್ಲ.

ಹುಬ್ಬಳ್ಳಿಗೆ ಹೋಗಿ ಅಂಗಡಿ ಹೊಕ್ಕೆವು. ಅಂಗಡಿಯವರು ದರಪಟ್ಟಿ ಕೈಗಿತ್ತರು. ಅದರಲ್ಲಿ ನಮಗೆ ತಿಳಿದ ಶಬ್ದ ‘ಒಟ್ಟು’ ಎಂಬುದೊಂದೇ. ರ‍್ಯಾಮ್ 32 ಸಾಕೋ 64 ಬೇಕೋ ಎಂದು ಅವರು ಕೇಳಿದಾಗ ಉತ್ತರ ತೋಚದೆ, ಯೋಚಿಸಿ ಬರುತ್ತೇವೆಂದು ಊರಿಗೆ ಮರಳಿದೆವು. ಆ ಸಂಖ್ಯೆಗಳ ಮರ್ಮವನ್ನೂ ಬಿಡಿಸಿದವರು ಅವ್ವನೇ. ಅವರ ತವರು ಗದಗ ಸೀಮೆ, ಅಂದಿನ ಮುಂಬಯಿ ಪ್ರಾಂತ. ಗಂಡನ ಮನೆ ನಿಜಾಮರ ರಾಜ್ಯ. ತವರಿನಲ್ಲಿ ಕಲ್ದಾರ ರೂಪಾಯಿ, ಇಲ್ಲಿ ಹಾಲಿ ಸಿಕ್ಕಾ. ಆರು ಕಲ್ದಾರಕ್ಕೆ ಏಳು ಹಾಲಿ. ಗಡಿ ದಾಟಿದರೆ ಸೆರಗಿನ ಗಂಟಿನಲ್ಲಿದ್ದ ನಾಣ್ಯ ನಡೆಯುತ್ತಿರಲಿಲ್ಲ. ಇಂಥ ಲೆಕ್ಕದಲ್ಲಿ ಪಳಗಿದವರಿಗೆ 32, 64 ಯಾವ ಗಹನ? “ತವರಾಗ ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಕು ಪೈಸೆ. ಅರವತ್ನಾಕು ಅಂದ್ರ ಪೂರಾ ರೂಪಾಯಿ, ಮೂವತ್ತೆರಡು ಅಂದ್ರ ಎಂಟಾಣೆ. ಎಂಟಾಣೇದು ತಂದು ಏನು ಮಾಡ್ತೀ ತಮ್ಮಾ? ಪೂರಾ ರೂಪಾಯಿದು ತಾ” ಎಂದರು. ಪೂರಾ ರೂಪಾಯಿಯದನ್ನೇ ತಂದೆವು. ಗಣಕಯಂತ್ರದೊಳಗಿನ ಲೆಕ್ಕವೆಲ್ಲ ಇಮ್ಮಡಿಸುತ್ತ ಹೋಗುವ ಲೆಕ್ಕವೆಂದು ಸೋದರಳಿಯ ಆಮೇಲೆ ಹಲಗೆಯ ಮೇಲೆ ಬರೆದು ತೋರಿಸಿದ. ಸೇರು, ಅಚ್ಚೇರು, ಪಾವುಸೇರು, ಅರೆಪಾವು ಎಂದು ಅಳೆದ ಕೈಗಳಿಗೆ ಅದೇನೂ ಹೊಸತಾಗಿರಲಿಲ್ಲ.

ಗದಗ, ಕುಕನೂರು ಹಾದು ಬಸ್ಸಿನಲ್ಲಿ ಯಂತ್ರವನ್ನು ತಂದ ಕಥೆ ಬೇರೆಯೇ ಉಂಟು. ಪರದೆಯ ಪೆಟ್ಟಿಗೆಯನ್ನು ಮಗ ತೊಡೆಯ ಮೇಲೆ ಕೂರಿಸಿಕೊಂಡಿದ್ದ. ನಿರ್ವಾಹಕರು ಟೀವಿಯ ಲಗೇಜು ಹರಿದರು. ಇದು ಟೀವಿಯಲ್ಲವೆಂದೆವು. ಮತ್ತೇನೆಂದು ಕೇಳಿದರು. ಗಣಕಯಂತ್ರವೆಂದೆವು. “ಅದಕ್ಕ ರೇಟು ಬರದಿಲ್ರೀ, ನೀವು ಟೀವಿ ಅಂತನ ಒಪ್ಪಿಕೋರಿ” ಎಂದರು. ಯಲಬುರ್ಗಾ ಮುಟ್ಟುವವರೆಗೆ ಅದು ಟೀವಿಯಾಗಿಯೇ ಪ್ರಯಾಣ ಮಾಡಿತು.

ಇನ್ನು ಅದನ್ನು ಎಲ್ಲಿಡುವುದು? ಮೂರು ತೂತಿನ ಪ್ಲಗ್ಗು ಮನೆಯಲ್ಲಿದ್ದದ್ದು ಒಂದೇ, ಅದೂ ಪೂಜೆಯ ಕೋಣೆಯ ಹೊರಗೋಡೆಗೆ. ಅಲ್ಲಿಯೇ ಮೇಜು ಹಾಕಿದೆವು. ವೈರಿಂಗ್ ಮಾಡುವವರು ಬಂದು ತಂತಿಗೆ ಪರೀಕ್ಷಕ ಹಚ್ಚಿ ತಲೆಯಾಡಿಸಿ, “ಅರ್ಥ್ ಇಲ್ಲ” ಎಂದರು. ಹತ್ತೂವರೆಗೆ ಅರ್ಥವಿಲ್ಲವೆಂದು ಹೇಳುತ್ತಿದ್ದಾರೇನೋ ಎಂದು ನಮ್ಮ ಮನೆಯವರು ಕ್ಷಣಕಾಲ ಗಲಿಬಿಲಿಗೊಂಡರು. ವಿಷಯ ಭೂಸಂಪರ್ಕದ್ದು. ಯಂತ್ರದ ಲೋಹದ ಮೈಗೆ ಹರಿದ ವಿದ್ಯುತ್ತು ನೆಲಕ್ಕೆ ಇಳಿಯಲೊಂದು ದಾರಿ ಬೇಕು. ಇಲ್ಲದಿದ್ದರೆ ಮುಟ್ಟಿದವರ ಮೈಯೇ ದಾರಿಯಾಗುತ್ತದೆ. ಹಿತ್ತಲಲ್ಲಿ ಆಳವಾದ ಗುಂಡಿ ತೋಡಿ, ಕೊಳವೆ ಹುಗಿದು, ಸುತ್ತ ಇದ್ದಲಿ ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿದರು. ಒಣ ಮಣ್ಣಿನಲ್ಲಿ ವಿದ್ಯುತ್ತು ಸರಾಗವಾಗಿ ಇಳಿಯದು, ಹಸಿಯಿರಬೇಕು. ಹೋಗುವಾಗ, “ಬ್ಯಾಸಗ್ಯಾಗ ದಿನಾ ಒಂದು ಕೊಡ ನೀರು ಹಾಕ್ರಿ” ಎಂದು ಹೇಳಿ ಹೋದರು.

ಮನೆಯಲ್ಲಿ ಮೌನ ಕವಿಯಿತು. ನಲ್ಲಿಗೆ ನೀರು ಬರುವುದೇ ಮೂರು ನಾಲ್ಕು ದಿನಕ್ಕೊಮ್ಮೆ. ನಮ್ಮ ಮನೆಯವರು ಕೊಡವನ್ನೂ ನಮ್ಮನ್ನೂ ಒಮ್ಮೆ ನೋಡಿ, “ನೀರಿಗಂತ ಇಟ್ಟ ರೊಕ್ಕ ತಿಂದದ್ದು ಸಾಲದಂತ, ಈಗ ನೀರನ್ನೂ ಕುಡಿತದಂತ” ಎಂದರು. ಇದಕ್ಕೆ ಉತ್ತರವಿರಲಿಲ್ಲ. ಅಂದಿನಿಂದ ಅಕ್ಕಿ ತೊಳೆದ ನೀರು ಗುಂಡಿಯ ಪಾಲಾಯಿತು. ನೆರೆಯವರು ಬಂದು, ಕಂಪ್ಯೂಟರಿಗೆ ಯಾವ ಅಕ್ಕಿಯ ನೀರು ಒಳ್ಳೆಯದೆಂದು ಕೇಳಿದರೆ ಅವ್ವ ನಗದೆ, “ಗಂಗಾವತಿ ಸೋನಾಮಸೂರಿದು” ಎನ್ನುತ್ತಿದ್ದರು.

ಯಂತ್ರವೇನೋ ನಡೆಯಿತು. 2000ದ ಜನವರಿ ಒಂದನೆಯ ತಾರೀಖು ಅದಕ್ಕೇನೂ ಆಗಲಿಲ್ಲ. ಷಡ್ಡಕರು ತುಸು ನಿರಾಶರಾದಂತೆ ಕಂಡರು. ಆದರೆ ಅದು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ಮನೆಗೆ ತಂದದ್ದರಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ. ಮಗ ಆಟವಾಡಿದ, ಪರೀಕ್ಷೆ ಮುಗಿಸಿದ, ಇಂಜಿನಿಯರಿಂಗ್ ಓದಲು ಹೋದ. ಯಂತ್ರ ಕವಚ ಹೊದ್ದು ಮಗಳ ಪಾಲಿಗೆ ಉಳಿಯಿತು.

ಅವಳು ಮೊದಲು ಮಾಡಿದ ಕೆಲಸ 2001ರಲ್ಲಿ ನಮ್ಮ ತಮ್ಮನ ಮಗಳ ಲಗ್ನಪತ್ರಿಕೆ. ಕನ್ನಡ ತಂತ್ರಾಂಶವೊಂದನ್ನು ಸೋದರಳಿಯ ಫ್ಲಾಪಿಯಲ್ಲಿ ತಂದುಕೊಟ್ಟಿದ್ದ. ಮೂರು ರಾತ್ರಿ ಕುಳಿತು ಅಂದವಾಗಿ ಬರೆದು, ಫ್ಲಾಪಿಯನ್ನು ಅಚ್ಚುಕೂಟಕ್ಕೆ ಕಳಿಸಿದಳು. ಅಲ್ಲಿ ತೆರೆದು ನೋಡಿದರೆ ವಧುವರರ ಹೆಸರೂ ಇಲ್ಲ, ಮುಹೂರ್ತವೂ ಇಲ್ಲ, ಬರೀ ಗೀರುಗಳು. ಅಚ್ಚುಕೂಟದ ಯಂತ್ರದಲ್ಲಿದ್ದುದು ಬೇರೊಂದು ತಂತ್ರಾಂಶ. ಆಗ ಶ್ರೀಲಿಪಿ, ಆಕೃತಿ ಮುಂತಾಗಿ ಒಂದೊಂದಕ್ಕೂ ತನ್ನದೇ ಸಂಕೇತದ ಕಟ್ಟು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಅವ್ವನಿಗೆ ಇದನ್ನು ಹೇಳಿದಾಗ ಆಶ್ಚರ್ಯವೇನೂ ಆಗಲಿಲ್ಲ: “ಕಲ್ದಾರ, ಹಾಲಿ ಇದ್ಧಂಗ. ನಮ್ಮ ರೊಕ್ಕ ಅವರಲ್ಲಿ ನಡೂದಿಲ್ಲ.”

ನಮ್ಮ ತೀರ್ಥರೂಪರು ಕಿರಾಣಿ ಅಂಗಡಿ ನಡೆಸಿದವರು. ಕೆಂಪು ರಟ್ಟಿನ ಕಿರ್ದಿ ಪುಸ್ತಕವೊಂದರಲ್ಲಿ ತತ್ತ್ವಪದ, ಸ್ವರವಚನ, ಭಜನೆಯ ಪದಗಳನ್ನು ಕೇಳಿದಲ್ಲೆಲ್ಲ ಬರೆದಿಟ್ಟಿದ್ದರು. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಕೇಳಿದ್ದು, ಸಂತೆಗೆ ಬಂದವರು ಕಟ್ಟೆಯ ಮೇಲೆ ಹಾಡಿದ್ದು, ಹೀಗೆ. ಅವರು ಲಿಂಗೈಕ್ಯರಾದ ಮೇಲೆ ಪುಸ್ತಕ ಅಟ್ಟದಲ್ಲಿತ್ತು. 2003ರ ಬೇಸಿಗೆಯಲ್ಲಿ ಇಳಿಸಿ ನೋಡಿದಾಗ ಗೆದ್ದಲು ಹಿಂದಿನ ರಟ್ಟಿನಿಂದ ಒಳಗೆ ಅರ್ಧದಾರಿ ಸಾಗಿತ್ತು. ಅವ್ವ ಅಂದು ಉಣ್ಣಲಿಲ್ಲ. ಮಾರನೆಯ ದಿನ ಮೊಮ್ಮಗಳನ್ನು ಕರೆದು, “ಯವ್ವಾ, ನಿನ್ನ ಪೆಟಿಗ್ಯಾಗ ಗೆದ್ದಲ ಹತ್ತತಾವೇನು?” ಎಂದು ಕೇಳಿದರು.

ಅಷ್ಟು ಹೊತ್ತಿಗೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ನಮ್ಮ ಮನೆಗೂ ಬಂದಿತ್ತು. ಅದರ ಕೀಲಿಮಣೆಯ ಮೂಲ ವಿನ್ಯಾಸ ಕೆ. ಪಿ. ರಾವ್ ಅವರದು. ಕನ್ನಡದ ಅಷ್ಟೂ ವರ್ಣಗಳನ್ನು ಇಂಗ್ಲಿಷಿನ 26 ಕೀಲಿಗಳಲ್ಲೇ ಕೂರಿಸಿದ ಜಾಣ್ಮೆ ಅದು. ಕೆ ಒತ್ತಿದರೆ ಕ, ಜಿ ಒತ್ತಿದರೆ ಗ. ಟಕಾರ ಡಕಾರಗಳು ಮಾತ್ರ ಕ್ಯೂ, ಡಬ್ಲ್ಯೂಗಳ ಮನೆಯಲ್ಲಿ ಬಾಡಿಗೆಗಿವೆ. ಎಫ್ ಎಂಬ ಕೀಲಿಗೆ ತನ್ನದೇ ಅಕ್ಷರವಿಲ್ಲ. ಅದರ ಕಾಯಕ ಒತ್ತು ಕೊಡುವುದಷ್ಟೆ. ಎ, ವಿ, ಎಫ್, ವಿ ಎಂದು ಒತ್ತಿ ಮಗಳು ಪರದೆಯ ಮೇಲೆ ‘ಅವ್ವ’ ಎಂದು ಮೂಡಿಸಿ ತೋರಿಸಿದಳು. ಅವ್ವ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿ, “ವತ್ತು ಸ್ವಲ್ಪ ಸಣ್ಣದಾತು” ಎಂದರು.

ಅಲ್ಲಿಂದ ನಾಲ್ಕು ವರ್ಷ ನಡೆದ ಕೆಲಸವಿದು. ಪುಟದಲ್ಲಿ ಉಳಿದದ್ದನ್ನು ಮಗಳು ನೋಡಿ ಬರೆಯುತ್ತಿದ್ದಳು. ಗೆದ್ದಲು ತಿಂದದ್ದನ್ನು ಅವ್ವ ಹಾಡುತ್ತಿದ್ದರು. ಅವರಿಗೆ ಪದವನ್ನು ಹೇಳಲು ಬಾರದು, ಹಾಡಲೇ ಬೇಕು. ನಡುವೆ ನಿಲ್ಲಿಸಿದರೆ ಮತ್ತೆ ಪಲ್ಲವಿಯಿಂದ. ಕರೆಂಟು ಹೋದರೆ ಯುಪಿಎಸ್ಸು ಕೂಗಲಾರಂಭಿಸುತ್ತಿತ್ತು. ಅದರ ಜೀವ ಹತ್ತು ನಿಮಿಷ, ಒಂದು ಪದ ಮುಗಿಯುವಷ್ಟು. “ಅದು ಸುರ್ತಿ ಹಿಡಿದದ, ಲಗೂನ ಬರಿ” ಎಂದು ಅವ್ವ ಅದರ ಕೂಗಿನ ಮೇಲೆಯೇ ಮುಂದುವರಿಯುತ್ತಿದ್ದರು. ಹಲವು ಪದಗಳ ಅಂಚಿನಲ್ಲಿ ಬೆಲ್ಲದ ಬಾಕಿ, ಎಣ್ಣೆಯ ಬಾಕಿ ಇದ್ದವು. ಇವನ್ನು ಬಿಡಲೇ ಎಂದು ಮಗಳು ಕೇಳಿದ್ದಕ್ಕೆ, “ಬ್ಯಾಡ, ಅವನ್ನೂ ಹಾಕು. ಇನ್ನೂ ಬರೂವದಾವ” ಎಂದರು.

2007ರಲ್ಲಿ ಅವ್ವ ಲಿಂಗೈಕ್ಯರಾದರು. ಪುಸ್ತಕ ಮುಗಿದಿರಲಿಲ್ಲ.

ಬೆಂಗಳೂರಿನಲ್ಲಿ ನೌಕರಿ ಹಿಡಿದಿದ್ದ ಮಗ ಕೆಲ ವರ್ಷಗಳ ಮೇಲೆ ಆ ಕಡತವನ್ನು ತನ್ನ ಹೊಸ ಯಂತ್ರದಲ್ಲಿ ತೆರೆದು ಗಾಬರಿಯಿಂದ ಫೋನು ಮಾಡಿದ. ಕನ್ನಡವೆಲ್ಲ ಮಾಯ, ಕೋಡು ಬಾಲ ಮೂಡಿದ ಇಂಗ್ಲಿಷ್ ಅಕ್ಷರಗಳು, ನಕಾರವಿದ್ದಲ್ಲೆಲ್ಲ ಇಂಗ್ಲೆಂಡಿನ ಪೌಂಡಿನ ಗುರುತು. ಕಾರಣ ಮಗಳಿಗೆ ಗೊತ್ತಿತ್ತು. ಆ ಹಳೆಯ ಏರ್ಪಾಟಿನಲ್ಲಿ ಯಂತ್ರದೊಳಗೆ ಕನ್ನಡಕ್ಕೆ ಸ್ವಂತ ಜಾಗವಿರಲಿಲ್ಲ. 256 ಸಂಖ್ಯೆಗಳ ಮನೆಯಲ್ಲಿ ಇಂಗ್ಲಿಷ್ ಅಕ್ಷರ, ಗುರುತುಗಳ ಮೇಲೆ ಕನ್ನಡದ ರೂಪ ತೊಡಿಸಿರುತ್ತಿದ್ದರು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೊಡುಗೆ ಕಳಚಿ ಒಳಗಿನದು ಕಾಣುತ್ತಿತ್ತು. ಯೂನಿಕೋಡ್ ಎಂಬ ಜಾಗತಿಕ ಏರ್ಪಾಟು 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಪ್ರತ್ಯೇಕ ಸಂಖ್ಯೆಗಳನ್ನು ಕೊಟ್ಟಿತ್ತು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಎಂಬ ಕನ್ನಡ ಫಾಂಟೂ ಬಂದಿತ್ತು. ಅದು ಯಲಬುರ್ಗಾದ ನಮ್ಮ ಮೇಜಿಗೆ ತಲುಪಲು ಇನ್ನೂ ಬಹುಕಾಲ ಹಿಡಿಯಿತು, ಅಷ್ಟೆ.

ಪರಿವರ್ತಿಸುವ ತಂತ್ರಾಂಶದಲ್ಲಿ ಹಾಕಿದೊಡನೆ ಪುಸ್ತಕವೆಲ್ಲ ಕ್ಷಣದಲ್ಲಿ ಕನ್ನಡವಾಯಿತು. ಅರ್ಕಾವತ್ತುಗಳು ಕೆಲವೆಡೆ ದಾರಿ ತಪ್ಪಿದ್ದವು. ಮಗಳು ಅಷ್ಟು ಹೊತ್ತಿಗೆ ಗಂಡನ ಮನೆ ಸೇರಿದ್ದಳು. ತವರಿಗೆ ಬಂದಾಗಲೆಲ್ಲ ಕಿರ್ದಿ ಪುಸ್ತಕವನ್ನು ಮುಂದಿಟ್ಟುಕೊಂಡು ಒಂದೊಂದನ್ನೂ ತಿದ್ದಿದಳು. ಬೆಲ್ಲದ ಬಾಕಿಗಳೂ ಸರಿಯಾಗಿ ಬಂದಿವೆ.

ಈಗ ಎಂಬತ್ತಮೂರನೆಯ ಪದದವರೆಗೆ ಎಲ್ಲ ಪೂರ್ತಿಯಾಗಿದೆ. ಅಲ್ಲಿಂದ ಮುಂದೆ ಇಪ್ಪತ್ತಾರು ಪದಗಳಲ್ಲಿ ನಡುನಡುವೆ ಸಾಲುಗಳಿಲ್ಲ. ಗೆದ್ದಲು ತಿಂದದ್ದು, ಅವ್ವ ಹಾಡಲು ಉಳಿದದ್ದು. ಅಲ್ಲೆಲ್ಲ ಮಗಳು ಚುಕ್ಕೆಗಳನ್ನಿಟ್ಟು, ಒಂದೊಂದು ಸಾಲಿಗಾಗುವಷ್ಟು ಜಾಗ ಬಿಟ್ಟಿದ್ದಾಳೆ. ಕುಷ್ಟಗಿ, ಯಲಬುರ್ಗಾ ಕಡೆಯ ಭಜನಾ ಮೇಳದ ಹಿರಿಯರು ಯಾರಾದರೂ ಹಳೆಯ ಪದಗಳನ್ನು ಬಲ್ಲವರಿದ್ದರೆ ದಯಮಾಡಿ ಒಮ್ಮೆ ನಮ್ಮ ಮನೆಗೆ ಬರಬೇಕು. ಹೇಳಲು ಬಾರದಿದ್ದರೂ ಚಿಂತೆಯಿಲ್ಲ, ಪಲ್ಲವಿಯಿಂದ ಹಾಡಬಹುದು.