ತುಘಲಕಾಬಾದಿನಲ್ಲಿ ಒಂದು ಬೆರಳಿನ ಪಾಠ

ದೆಹಲಿಯಲ್ಲೇ ಹುಟ್ಟಿ ಬೆಳೆದ ನೀವು ತುಘಲಕಾಬಾದ್ ಕೋಟೆಯನ್ನು ನೋಡಿಯೇ ಇರುತ್ತೀರಿ. ಮುಂದಿನ ಸಲ ಆ ಕಡೆ ಹೋದಾಗ ಹತ್ತಿರದಲ್ಲೇ ಇರುವ ಡಾ. ಕರ್ಣಿ ಸಿಂಗ್ ಶೂಟಿಂಗ್ ರೇಂಜ್ ಕಡೆಗೂ ಹೋಗಿ ಬನ್ನಿ. 1982ರ ಏಷ್ಯನ್ ಕ್ರೀಡಾಕೂಟಕ್ಕೆಂದು ಕಟ್ಟಿದ್ದು ಅದು. 2010ರ ಕಾಮನ್‌ವೆಲ್ತ್ ಕೂಟಕ್ಕೆ ಹೊಸ ರೂಪ ಪಡೆಯಿತು. ಐದು ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದ ಬಿಕಾನೇರಿನ ಮಹಾರಾಜರ ಹೆಸರು ಅದಕ್ಕಿದೆ.

ನಾನು ಹೋದದ್ದು ಮಗಳ ತರಬೇತಿಯ ನೆಪದಲ್ಲಿ. ಮನಸ್ಸಿನಲ್ಲಿ ಮಾತ್ರ ಒಂದು ಹಳೆಯ ಸೋಲಿತ್ತು. ಕೊಡಗಿನಲ್ಲಿ ಕೈಲ್ ಮುಹೂರ್ತಕ್ಕೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಹದಿನಾರರ ವಯಸ್ಸಿನಲ್ಲಿ ಮೂರು ಗುಂಡೂ ತಪ್ಪಿದಾಗ ನಾನು "ಕೋವಿ ಸರಿಯಿಲ್ಲ" ಎಂದುಬಿಟ್ಟೆ. ಅಜ್ಜ ಮಾತಾಡಲಿಲ್ಲ, ಅದೇ ಕೋವಿಯಿಂದ ಒಂದೇ ಗುಂಡಿಗೆ ಕಾಯಿ ಒಡೆದರು. ಅಂದಿನಿಂದ ನಾನು ಕೋವಿ ಮುಟ್ಟಲಿಲ್ಲ.

ಹತ್ತು ಮೀಟರ್ ಪಿಸ್ತೂಲಿನ ಅಂಗಣದಲ್ಲಿ ತರಬೇತುದಾರರು ಮಗಳಿಗೆ ಹೇಳಿದರು: "ಗುರಿ ಕೆಡುವುದು ಕಣ್ಣಿನಿಂದಲ್ಲ, ಬೆರಳಿನಿಂದ."

ಬೆರಳನ್ನು ಮಡಿಸುವ ಮುಖ್ಯ ಸ್ನಾಯುಗಳು ಬೆರಳಿನೊಳಗೆ ಇಲ್ಲ. ಅವು ಮೊಣಕೈ ಮತ್ತು ಮಣಿಕಟ್ಟಿನ ನಡುವೆ ಇದ್ದು, ಹಗ್ಗದಂಥ ಸ್ನಾಯುರಜ್ಜುಗಳ ಮೂಲಕ ಬೆರಳನ್ನು ಎಳೆಯುತ್ತವೆ. ಈಗಲೇ ಮುಷ್ಟಿಯನ್ನು ಸಡಿಲವಾಗಿ ಹಿಡಿದು ತೋರುಬೆರಳನ್ನು ಥಟ್ಟನೆ ಮಡಿಸಿ ನೋಡಿ. ಉಳಿದ ಬೆರಳುಗಳೂ ಜೊತೆಗೇ ಬಿಗಿಯುತ್ತವೆ, ಅಲ್ಲವೇ? ಆ ಬಿಗಿತಕ್ಕೇ ನಳಿಗೆ ಕೆಳಕ್ಕೆ ವಾಲುತ್ತದೆ. ಪಿಸ್ತೂಲಿನ ಎರಡು ಗುರಿಗಣ್ಣುಗಳ ನಡುವೆ 30 ಸೆಂಟಿಮೀಟರ್ ಅಂತರವಿದ್ದರೆ, ಅಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಹತ್ತು ಮೀಟರಿನಾಚೆ 33 ಮಿಲಿಮೀಟರ್ ತಪ್ಪುತ್ತದೆ. ಹತ್ತು ಅಂಕದ ವೃತ್ತದ ಅಗಲವೋ ಬರೀ 11.5 ಮಿಲಿಮೀಟರ್!

ಪರಿಹಾರ ಸರಳ, ಅಭ್ಯಾಸ ಕಠಿಣ. ಬೆರಳಿನ ತುದಿಗೆರೆಯ ಮೆತ್ತನೆಯ ಭಾಗವನ್ನು ಟ್ರಿಗರಿನ ಮೇಲಿಡಬೇಕು. ಉಸಿರನ್ನು ಅರ್ಧ ಬಿಟ್ಟು ತಡೆದು, ನೇರ ಹಿಂದಕ್ಕೆ ನಿಧಾನವಾಗಿ ಒತ್ತಬೇಕು. ಏರ್ ಪಿಸ್ತೂಲಿನ ಟ್ರಿಗರಿಗೆ ಕನಿಷ್ಠ 500 ಗ್ರಾಂ ಒತ್ತಡ ಬೇಕೆಂಬುದು ನಿಯಮ. ಕೈ ಪೂರ್ತಿ ಅಲುಗಾಡದ ಕ್ಷಣ ಬರುವುದೇ ಇಲ್ಲ. ಎದೆಬಡಿತವೂ ಕೈಯನ್ನು ಅಲುಗಿಸುತ್ತದೆ. "ಈಗ ಹೊಡೆದುಬಿಡೋಣ" ಎಂದು ಆತುರಪಟ್ಟವನೇ ಎಳೆದು ಕೆಡಿಸುತ್ತಾನೆ. ಗುಂಡು ಹಾರಿದ್ದು ಹೊಡೆದವನಿಗೇ ಅಚ್ಚರಿಯಾಗಬೇಕು; ಹಾರಿದ ಮೇಲೂ ಒಂದೆರಡು ಕ್ಷಣ ಗುರಿ ಬಿಡಬಾರದು.

ಕೇಳುತ್ತ ನಿಂತ ನನಗೆ ಮೂರೂ ಗುಂಡುಗಳು ನೆನಪಾದವು. ಸದ್ದಿಗೆ ಹೆದರಿ ಕಣ್ಣು ಮುಚ್ಚಿದ್ದೆ, ಬೆರಳನ್ನು ಜಗ್ಗಿದ್ದೆ.

ಅಜ್ಜ ಈಗಿಲ್ಲ. ಬರುವ ಸೆಪ್ಟೆಂಬರಿನಲ್ಲಿ ಮಗಳೊಂದಿಗೆ ಊರಿಗೆ ಹೋಗುತ್ತಿದ್ದೇನೆ. ಕಾಯಿ ಒಡೆಯುತ್ತದೋ ಇಲ್ಲವೋ, ಈ ಸಲ ಕೋವಿಯನ್ನು ಮಾತ್ರ ದೂರುವುದಿಲ್ಲ.